ದಾರದ ಕೈಬರಹ

"ಇದನ್ನ ಯಾರು ಬರದಾರ?" ಮೇಜಿನ ಮೇಲಿದ್ದ ಬಟ್ಟೆಯ ಪುಸ್ತಕದಿಂದ ಮುಖ ಎತ್ತದೆಯೇ ಮಹಾಂತಮ್ಮ ಕೇಳಿದರು.

ವೈಟ್‌ಫೀಲ್ಡ್‌ನ ಆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಅಂದು ನಿವಾಸಿಗಳ ಕೈಕೆಲಸದ ಪ್ರದರ್ಶನ. ಉಪ್ಪಿನಕಾಯಿ, ಮೇಣದಬತ್ತಿಗಳ ಅಂಗಡಿಗಳ ನಡುವೆ ನಿವೇದಿತಾ ತಾನು ಹೊಲಿದ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದಳು. ಹಳೆಯ ಸೀರೆ, ಪಂಚೆಗಳನ್ನು ಕತ್ತರಿಸಿ ಮಾಡಿದ ಹಾಳೆಗಳು. ಪ್ರತಿ ಹಾಳೆಯ ತುಂಬ ಕಪ್ಪು ದಾರದ ಸಾಲುಗಳು. ದೂರದಿಂದ ಯಾರೋ ಒತ್ತೊತ್ತಾಗಿ ಬರೆದು ತುಂಬಿಸಿದಂತೆ ಕಾಣುತ್ತಿತ್ತು. ಹತ್ತಿರ ಬಂದು ನೋಡಿದರೆ ಒಂದಕ್ಷರವೂ ಯಾವ ಭಾಷೆಯದೂ ಅಲ್ಲ.

"ಬರೆದಿದ್ದಲ್ಲ ಆಂಟಿ, ಹೊಲಿದಿದ್ದು. ನಾನೇ. ಇದ್ರಲ್ಲಿ ಓದೋಕೆ ಏನೂ ಇಲ್ಲ. ಅಕ್ಷರದ ಥರ ಕಾಣತ್ತೆ, ಅಷ್ಟೇ. ಕೈ ಹೋದ ಹಾಗೆ ಹೊಲೀತಾ ಹೋಗ್ತೀನಿ."

"ಈ ಕೈ ನಿಂದಲ್ಲ," ಎಂದರು ಮಹಾಂತಮ್ಮ. "ನಮ್ಮ ಸುಮಂಗಲಾಂದು."

ಸುಮಂಗಲಾಳ ವಿಷಯ ಅಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಹತ್ತಿರದ ಪಟ್ಟಂದೂರು ಅಗ್ರಹಾರದಲ್ಲಿ ಬಾಡಿಗೆ ಕೋಣೆ ಹಿಡಿದು ಕೆಲಸಕ್ಕೆ ಹೋಗುತ್ತಿದ್ದ ಹುಡುಗಿ ಒಂದು ಸಂಜೆ ಕೋಣೆ ಸೇರಲೇ ಇಲ್ಲ. ಹುಡುಕಿಕೊಂಡು ರಾಣೆಬೆನ್ನೂರಿನಿಂದ ಬಂದ ತಾಯಿ ಮಹಾಂತಮ್ಮ, "ಬಂದ್ರ ಇಲ್ಲಿಗೇ ಬರತಾಳಲ್ಲ" ಎಂದು ಇದೇ ಅಪಾರ್ಟ್‌ಮೆಂಟಿನಲ್ಲಿದ್ದ ತಂಗಿಯ ಮನೆಯಲ್ಲಿ ಉಳಿದುಬಿಟ್ಟರು. ಅದಾಗಿ ಆರೇಳು ವರ್ಷ.

ಮರುದಿನ ಮಧ್ಯಾಹ್ನ ಮಹಾಂತಮ್ಮ ನಿವೇದಿತಾಳ ಬಾಗಿಲು ತಟ್ಟಿದರು. ಒಂದು ಕೈಯಲ್ಲಿ ಸ್ಟೀಲ್ ಡಬ್ಬಿ, ಇನ್ನೊಂದರಲ್ಲಿ ಮಡಚಿದ ಹಳದಿ ವೇಲ್. ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿ 'ಶೇಂಗಾ ಚಟ್ನಿ' ಎಂದು ಪೆನ್ನಿನಲ್ಲಿ ಬರೆದಿತ್ತು.

"ಆಕೀನ ಬರದಿದ್ದು. ನೋಡು."

ನಿವೇದಿತಾ ನೋಡಿದಳು. ಅಕ್ಷರಗಳು ಎಡಕ್ಕೆ ವಾಲಿದ್ದವು. 'ಚಟ್ನಿ' ಪದದ ಒತ್ತಕ್ಷರ ಕೆಳಕ್ಕಿಳಿದು, ಬಾಲದಂತೆ ಹಿಂದಕ್ಕೆ ಸುತ್ತಿಕೊಂಡಿತ್ತು. ಅವಳು ಎದ್ದುಹೋಗಿ ತನ್ನ ಪುಸ್ತಕ ತಂದು ಪಕ್ಕದಲ್ಲಿಟ್ಟಳು. ಅದೇ ವಾಲು, ಅದೇ ಬಾಲ. ಪೆನ್ನು ಹಿಡಿದರೆ ಅವಳ ಅಕ್ಷರ ದುಂಡಗೆ, ನೆಟ್ಟಗೆ ಬರುತ್ತಿತ್ತು. ಹೊಲಿಯುವಾಗ ಮಾತ್ರ ಹೀಗೇಕೆ ಎಂದು ಅವಳು ಈವರೆಗೆ ಯೋಚಿಸಿರಲಿಲ್ಲ.

ಮಹಾಂತಮ್ಮ ವೇಲನ್ನು ಅವಳ ಮಡಿಲಲ್ಲಿಟ್ಟರು. "ಇದೂ ಆಕೀದ. ಇದರ ಮ್ಯಾಲೆ ಹೊಲಿ. ನಾ ಇಲ್ಲೇ ಕುಂದರ್ತೀನಿ."

"ಬೇಡ ಆಂಟಿ. ಏನೂ ಬರದೇ ಇದ್ರೆ ನಿಮಗೆ ಇನ್ನೂ ಸಂಕಟ ಆಗತ್ತೆ."

"ಬಂದ್ರ?"

ನಿವೇದಿತಾ ಸೋಫಾ ಬಿಟ್ಟು ನೆಲದ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಕೂತು ಸೂಜಿಗೆ ದಾರ ಪೋಣಿಸಿದಳು. ಬೇಕೆಂತಲೇ ತನ್ನ ದುಂಡು ಅಕ್ಷರದಂತೆ ಹೊಲಿದರೆ ಅವರಿಗೆ ಹಿಡಿದಿರುವ ಭ್ರಮೆ ಬಿಟ್ಟುಹೋದೀತು ಎಂದುಕೊಂಡಳು. ಮೊದಲನೆಯದು ದುಂಡಗೇ ಬಂತು. ಎರಡನೆಯದು ಎಡಕ್ಕೆ ವಾಲಿತು. ಮೂರನೆಯದಕ್ಕೆ ಬಾಲ ಮೂಡಿತು.

ಆಮೇಲೆ ಸೂಜಿ ನಿಲ್ಲಲಿಲ್ಲ. ದಾರ ಮುಗಿದಂತೆಲ್ಲ ಮಹಾಂತಮ್ಮನೇ ಇನ್ನೊಂದು ಸೂಜಿ ಪೋಣಿಸಿ ಕೊಟ್ಟರು. ಕೆಳಗೆ ಈಜುಕೊಳದಲ್ಲಿ ಮಕ್ಕಳು ಕೂಗಾಡುವುದು ಯಾವುದೋ ಬೇರೆ ಊರಿನಿಂದ ಎಂಬಂತೆ ಕೇಳುತ್ತಿತ್ತು. ಮೊದಮೊದಲ ಸಾಲುಗಳು ಅಗಲವಾಗಿ, ಸಾವಧಾನವಾಗಿದ್ದವು. ಅರ್ಧ ದಾಟಿದ ಮೇಲೆ ಅಕ್ಷರಗಳು ಸಣ್ಣಗಾಗುತ್ತ, ಒಂದಕ್ಕೊಂದು ಒತ್ತಿಕೊಳ್ಳುತ್ತ ಬಂದವು. ವೇಲಿನ ಅಂಚು ಬಂತು. ಸೂಜಿ ಅಂಚನ್ನೂ ದಾಟಿ ನಿವೇದಿತಾಳ ಕುರ್ತಾಕ್ಕೆ ಇಳಿಯಿತು. ಅಲ್ಲಿ ಒಂದು ಸಾಲು, ಅದರ ಕೆಳಗೆ ಇನ್ನೊಂದು. ತೊಡೆಗೆ ಚುಚ್ಚಿ ರಕ್ತದ ಚುಕ್ಕೆ ಮೂಡಿದರೂ ಕೈ ತಡೆಯಲಿಲ್ಲ.

"ಆಂಟಿ, ನನ್ನ ಕೈ ನಿಲ್ತಿಲ್ಲ."

ಮಹಾಂತಮ್ಮ ಸೂಜಿಯನ್ನೇ ನೋಡುತ್ತಿದ್ದರು. ಇನ್ನೊಂದೇ ಒಂದು ಸಾಲು ಬರಲಿ ಎಂಬ ಆಸೆ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ನಿವೇದಿತಾಗೆ ಸೂಜಿಗಿಂತ ಆ ಆಸೆಯ ಭಯವೇ ಹೆಚ್ಚಾಯಿತು. ಆ ಸಾಲೂ ಮುಗಿಯುತ್ತ ಬಂತು. ಆಗ ಅವರು ಅವಳ ಮಣಿಕಟ್ಟನ್ನು ಬಲವಾಗಿ ಹಿಡಿದು, ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದರು. ಕೈ ಮಡಿಲಿಗೆ ಬಿತ್ತು. ಬೆರಳುಗಳು ನಿಧಾನವಾಗಿ ಮತ್ತೆ ಅವಳವೇ ಆದವು.

"ಸಾಕು ಬಿಡು ತಾಯಿ," ಎಂದರು ಮಹಾಂತಮ್ಮ. "ನೀನೂ ಒಬ್ಬರ ಮಗಳು."

ಸೆರಗಿನ ಪಿನ್ನು ತೆಗೆದು ಕುರ್ತಾದ ಹೊಲಿಗೆಯನ್ನು ಅವರೇ ಒಂದೊಂದಾಗಿ ಬಿಚ್ಚಿದರು. ದಾರ ಹೋದರೂ ಬಟ್ಟೆಯಲ್ಲಿ ತೂತುಗಳ ಸಾಲು ಉಳಿಯಿತು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ನಿವೇದಿತಾ ಕೇಳಿದಳು: "ಸುಮಂಗಲಾ ಏನು ಬರೆದಿದ್ದಾರೆ ಅಂತ ನಿಮಗೆ ಗೊತ್ತಾಯ್ತಾ?"

"ಅದನ್ನ ಓದಾಕ ಯಾರಿಗೆ ಬರತೈತಿ?" ಮಹಾಂತಮ್ಮ ವೇಲಿನ ಕೊನೆಯ ಸಾಲುಗಳ ಮೇಲೆ ಬೆರಳಾಡಿಸಿದರು. "ಆದ್ರ ಆಕಿ ಸಣ್ಣಾಕಿದ್ದಾಗಿಂದ ನೋಡೇನಿ. ಬರಿಯೋವಾಗ ಹಿಂದ ಯಾರರ ಬಂದು ನಿಂತ್ರ, ಆಕೀ ಅಕ್ಷರ ಹಿಂಗ ಸಣ್ಣಗಾಗತಿದ್ವು."

ನಿವೇದಿತಾ ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿಕೊಂಡಳು.