ಅತ್ತೆಯ ಗಾಳದ ಕೋಲು

ಟಕ್ ಎಂದು ಸದ್ದಾದಾಗಲೇ ಸೊಸೆಯ ಜೀವ ಬಾಯಿಗೆ ಬಂತು. ಆಗಷ್ಟೇ ಹಾಕಿದ ಕಾರಿನ ಬಾಗಿಲನ್ನು ಮತ್ತೆ ತೆಗೆದು ನೋಡಿದರೆ ಅತ್ತೆಯ ಗಾಳದ ಕೋಲಿನ ತುದಿ, ಒಂದು ಗೇಣಿನಷ್ಟು, ಬಿದಿರಿನ ನಾರಿನಲ್ಲಿ ಜೋತಾಡುತ್ತಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇದಕ್ಕೆ ನಿಮಿಷವೂ ಬೇಕಾಗಲಿಲ್ಲ.

ಇದೆಲ್ಲ ಆದದ್ದು ಒಳ್ಳೆಯದು ಮಾಡಹೋಗಿ. ಅತ್ತೆ ಮೆಟ್ಟಿಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡು ಎಂಟು ವಾರವಾಗಿತ್ತು. ಹಿಂದಿನ ದಿನವಷ್ಟೇ ಪ್ಲಾಸ್ಟರ್ ಬಿಚ್ಚಿದ್ದರು. ಭಾನುವಾರ ಕೆರೆಗೆ ಕರೆದುಕೊಂಡು ಹೋಗುವ ಮೊದಲು ಕೋಲಿಗೆ ಹೊಸ ದಾರ ಹಾಕಿಸಿಡೋಣ ಎಂದು ಸೊಸೆ ಗುಟ್ಟಾಗಿ ಹೊರಟಿದ್ದಳು. ಅದೇನು ಸಾಮಾನ್ಯ ಕೋಲೇ? ಮಾವ ಕೆಲಸ ಮಾಡುತ್ತಿದ್ದ ಗಿರಣಿ ಎರಡು ವರ್ಷ ಬಾಗಿಲು ಹಾಕಿದ್ದಾಗ ಮೂರು ಮಕ್ಕಳ ಹೊಟ್ಟೆ ತುಂಬಿಸಿದ್ದು ಅದೇ ಬಿದಿರು. ಆ ಮೂವರಲ್ಲಿ ಕೊನೆಯವನೇ ಸೊಸೆಯ ಗಂಡ. "ನನ್ನನ್ನ ಸಾಕಿದ್ದು ಅಮ್ಮ ಅರ್ಧ, ಆ ಕೋಲು ಅರ್ಧ" ಎಂದು ಅವನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ.

ಗಾಳದಂಗಡಿಯವನು ಮುರಿದ ತುದಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಅಂಟಿಸಿ ದಾರ ಸುತ್ತಿದ್ರೆ ನಿಲ್ಲುತ್ತೆ, ಆದ್ರೆ ಆ ಜಾಗ ಸೆಟೆದುಕೊಳ್ಳುತ್ತೆ. ಮೀನು ಮುಟ್ಟಿದ್ದು ಕೈಗೆ ಗೊತ್ತಾಗಲ್ಲ. ತುದಿಯ ಭಾಗ ಪೂರ್ತಿ ಹೊಸದು ಮಾಡ್ಬಹುದು, ಹತ್ತು ದಿನ ಬೇಕು. ಇಲ್ಲಾಂದ್ರೆ ಇದಕ್ಕೆ ಕೈ ಮುಗಿದು ಬೇರೆ ಕೋಲು ತಗೊಳ್ಳಿ."

"ನೋಡಿದವರಿಗೆ ಗೊತ್ತಾಗದ ಹಾಗೆ, ಇದೇ ಥರದ್ದು ಸಿಗುತ್ತಾ?"

"ನೋಡಿದವರಿಗೆ ಗೊತ್ತಾಗಲ್ಲ. ಹಿಡಿದವರಿಗೆ ಗೊತ್ತಾಗುತ್ತೆ. ಯಾರ ಕೋಲಿದು?"

"ನಂದೇ."

"ಹಾಗಾದ್ರೆ ಬನ್ನಿ, ಒಂದ್ಸಲ ಎಸೀರಿ."

ಅದು ಅವನ ಅಂಗಡಿಯ ನೇಮ. ಹಿಂದಿನ ಓಣಿಯಲ್ಲಿ ದಾರಕ್ಕೆ ಸೀಸದ ಗುಂಡು ಕಟ್ಟಿ, ಕೋಲಿನ ಒಡೆಯರ ಕೈಯಲ್ಲೇ ಎಸೆಸಿ ನೋಡದೆ ಅವನು ಹಳೆಯದನ್ನು ರಿಪೇರಿಯೂ ಮಾಡುತ್ತಿರಲಿಲ್ಲ, ಹೊಸದನ್ನೂ ಮಾರುತ್ತಿರಲಿಲ್ಲ. ಸೊಸೆ ಅಂಗಡಿಯ ಕೋಲೊಂದನ್ನು ಹಿಡಿದು, ಕಣ್ಣು ಮುಚ್ಚಿ, ಬೀಸಿದಳು. ಗುಂಡು ಮುಂದೆ ಹೋಗುವ ಬದಲು ಪಕ್ಕದ ಮನೆಯ ಬಟ್ಟೆ ಹಗ್ಗಕ್ಕೆ ಸುತ್ತಿಕೊಂಡು ಯಾರದೋ ಕಾಲುಚೀಲವನ್ನು ಕೆಳಗೆ ಕೆಡವಿತು.

"ಒಳ್ಳೇ ಮೀನೇ ಸಿಕ್ತು" ಎಂದ ಅಂಗಡಿಯವನು. "ಈಗ ಹೇಳಿ, ಯಾರ ಕೋಲು?"

ಮನೆಗೆ ಬಂದು ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವಳ ಮಾತು ಮುಗಿಯುವವರೆಗೂ ಅತ್ತೆ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹೊಗಳುವುದರಲ್ಲಿ ಎಷ್ಟು ಜಿಪುಣಿಯೋ ಬೈಯುವುದರಲ್ಲಿ ಅಷ್ಟೇ ಧಾರಾಳಿ ಆ ಹೆಂಗಸು. ಇವತ್ತು ಬೈಗುಳಕ್ಕೂ ಕೈ ಬಿಗಿ ಹಿಡಿದಿದ್ದರು. ನಾಲ್ಕು ಮಾತು ಅಂದುಬಿಟ್ಟಿದ್ದರೆ ಸೊಸೆಗೆ ಎಷ್ಟೋ ಹಗುರಾಗುತ್ತಿತ್ತು. "ನಡಿ" ಎಂದು ಅವರು ಚಪ್ಪಲಿ ಮೆಟ್ಟಿದರು.

ಅಂಗಡಿಯ ಹಿಂದಿನ ಓಣಿಯಲ್ಲಿ ಅತ್ತೆ ಮೊದಲು ತಮ್ಮ ಮುರುಕು ಕೋಲಿಗೇ ಗುಂಡು ಕಟ್ಟಿಸಿ ಎತ್ತಿದರು. ಹಿಡಿಯಲ್ಲಿ ಅವರ ಹೆಬ್ಬೆರಳು ಕೂತು ಕೂತು ಸವೆದ ಗುಳಿಯಿತ್ತು. ಕೋಲು ಅರ್ಧ ಏಳುವಷ್ಟರಲ್ಲಿ ಮಣಿಕಟ್ಟು ನಡುಗಿ ಗುಂಡು ಕಾಲ ಬಳಿಯೇ ಬಿತ್ತು. ಮತ್ತೊಮ್ಮೆ ಎಸೆದರು, ಮತ್ತೆ ಅಲ್ಲೇ. ಸೊಸೆ ತಲೆ ತಗ್ಗಿಸಿದಳು.

"ತುದಿ ಇಲ್ಲ ಅಂತಲ್ಲಮ್ಮ" ಎಂದ ಅಂಗಡಿಯವನು ಮೆತ್ತಗೆ. "ಈ ಕೈಗೆ ಇನ್ನು ಬಿದಿರು ಭಾರ."

ಅವನು ಹಗುರವಾದ ಕಾರ್ಬನ್ ಕೋಲೊಂದನ್ನು ಅವರ ಕೈಗೆ ಕೊಟ್ಟ. ಅತ್ತೆ ಅದನ್ನು ಮೂಗು ಮುರಿಯುತ್ತಲೇ ತೆಗೆದುಕೊಂಡು ಬೀಸಿದರು. ಗುಂಡು ಸೊಂಯ್ಯನೆ ಹಾರಿ ಓಣಿಯ ಆ ತುದಿಯಲ್ಲಿದ್ದ ಬಣ್ಣದ ಡಬ್ಬಿಗೆ ಠಣ್ ಎಂದು ಬಡಿಯಿತು. ಅತ್ತೆ ಗಟ್ಟಿಯಾಗಿ ನಕ್ಕುಬಿಟ್ಟರು. ಆ ನಗು ಕೇಳಿ ಎಂಟು ವಾರವಾಗಿತ್ತು. ಯಾರಿಗೆ ಕೈ ಮುಗಿಯಲಿ ಎಂದು ಸೊಸೆಗೆ ತಿಳಿಯಲಿಲ್ಲ.

"ಇದು ನನಗಿರಲಿ" ಎಂದರು ಅತ್ತೆ.

"ಹಳೇದನ್ನ ಬಿಸಾಡ್ಬೇಡಿ ಅತ್ತೆ. ತಪ್ಪು ನಂದು, ಅದರದ್ದಲ್ಲ."

"ಬಿಸಾಡೋಕೆ ನನಗೇನು ತಲೆ ಕೆಟ್ಟಿದ್ಯಾ? ನನ್ನ ಮಕ್ಕಳನ್ನ ಸಾಕಿದೆ ಅದು." ಅಂಗಡಿಯೊಳಗೆ ಬಂದು ಅವರು ಹಳೆಯ ಕೋಲನ್ನು ಮೇಜಿನ ಮೇಲೆ ಮಲಗಿಸಿದರು. "ಹತ್ತಲ್ಲ, ಇಪ್ಪತ್ತು ದಿನ ತಗೊಳ್ಳಿ. ತುದಿ ಪೂರ್ತಿ ಹೊಸದು ಮಾಡಿ. ಹಿಡಿನೂ ಹೊಸದು ಕೂರಿಸಿ."

"ಹಿಡಿ ಯಾರ ಕೈಗೆ ಕೆತ್ತಲಿ?" ಅಂಗಡಿಯವನು ಅಳತೆಪಟ್ಟಿ ಬಿಚ್ಚಿದ.

ಅತ್ತೆ ಸೊಸೆಯ ಬಲಗೈಯನ್ನು ಎಳೆದು ಅವನ ಮುಂದಿಟ್ಟರು.

"ಅಯ್ಯೋ, ನನಗೆ ಎಸೆಯೋಕೆ ಬರಲ್ಲ ಅತ್ತೆ! ಮುರಿಯೋದೊಂದೇ ಬರೋದು."

"ಕಲಿಸ್ತೀನಿ, ಸುಮ್ನಿರು." ಅತ್ತೆ ಅಂಗಡಿಯವನ ಕಡೆ ತಿರುಗಿದರು. "ಎಂಟು ವಾರ ನನಗೆ ತುತ್ತು ಕೊಟ್ಟ ಕೈ ಇದು. ಅಳತೆ ಒಂದು ಕೂದಲೆಳೆಯಷ್ಟೂ ತಪ್ಪಬಾರದು."