ಹೆಸರು ಬರೆಯದ ಸೊನ್ನೆ

"ಕಂಬನ್ನ ಕೊಟ್ಟುಬಿಡೋಣ," ಎಂದಳು ಅಕ್ಕ.

"ಕೊಟ್ಟುಬಿಡೋಕೆ ಅವನೇನು ಹಳೇ ಕುರ್ಚಿನಾ?" ತಮ್ಮ ಮೇಜು ಗುದ್ದಿದ.

ಅಕ್ಕ ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರು, ತಮ್ಮ ಅದರ ಕೋಚ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಮೂರು ವಾರದಿಂದ ಇದೇ ಜಗಳ. ಆರೂಮುಕ್ಕಾಲು ಅಡಿ ಎತ್ತರದ ಕಂಬ ತಂಡದ ಹೀರೊ. ಅವನನ್ನು ಕೊಟ್ಟರೆ ಎದುರಾಳಿ ಕ್ಲಬ್ಬಿನವರು ಮೂವರು ಎಳೆಯ ಆಟಗಾರರನ್ನು ಕೊಡುವ ಮಾತಿತ್ತು. ಅದಲುಬದಲಿಗೆ ಇವತ್ತು ಸಂಜೆ ಐದು ಗಂಟೆಯೇ ಗಡುವು, ಆಗಲೇ ನಾಲ್ಕೂ ಇಪ್ಪತ್ತು. ಆ ಕಡೆಯಿಂದ ಫೋನು ಬಂದಾಗ ಹ್ಞೂಂ ಅನ್ನಬೇಕೋ ಊಹೂಂ ಅನ್ನಬೇಕೋ ಇವರಿಗೇ ಗೊತ್ತಿಲ್ಲ. ಎರಡು ವರ್ಷದಿಂದ ತಂಡ ಸೆಮಿಫೈನಲ್ ದಾಟಿರಲಿಲ್ಲ. ಈ ಸಲವೂ ದಾಟದಿದ್ದರೆ ಇಬ್ಬರೂ ಗಂಟುಮೂಟೆ ಕಟ್ಟಬೇಕಾಗುತ್ತದೆಂದು ಮಾಲೀಕರು ಮುಖ ನೋಡದೆ ಹೇಳಿದ್ದರು.

"ಮೂವತ್ತೆರಡಾಯ್ತು ಕಣೋ ಅವನಿಗೆ. ಇನ್ನೆರಡು ವರ್ಷ ಹೋದ್ರೆ ಯಾರೂ ಮೂಸಿ ಕೂಡ ನೋಡಲ್ಲ. ಬೆಲೆ ಇದ್ದಾಗಲೇ ಕೊಟ್ಟು, ಹೊಸಬರನ್ನ ಇಟ್ಕೊಂಡು ತಂಡ ಕಟ್ಟೋಣ."

"ಕಟ್ಟೋದು, ಕಟ್ಟೋದು! ನಾನು ಇಷ್ಟು ವರ್ಷ ಮಾಡಿದ್ದೇನು ಹಾಗಾದ್ರೆ? ಇಲ್ಲಿ ಬಾ, ನೋಡು." ತಮ್ಮ ಅವಳನ್ನು ಕಿಟಕಿಯ ಗಾಜಿನ ಬಳಿ ಎಳೆದ. ಕೆಳಗೆ ಅಂಗಳದಲ್ಲಿ ಅಭ್ಯಾಸ ನಡೆದಿತ್ತು. "ನೋಡು ಅವನ ಠೀವಿ! ಹಿಂದೆ ತಿರುಗಿ ಸಹ ನೋಡಲ್ಲ. ಓಡ್ತಾ ಓಡ್ತಾ ಕೈಯೆತ್ತಿದ್ರೆ ಸಾಕು, ಚೆಂಡು ಬಂದು ಅಂಗೈಲಿ ಕೂರತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಿನ್ನ ಕಥೆ."

ಕೆಳಗೆ ವಿರಾಮದ ಸೀಟಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಾಗಿಲು ಅರ್ಧ ತೆರೆದು, ಬೆವರು ಒರೆಸಿಕೊಳ್ಳುತ್ತ ಗಿಡ್ಡಣ್ಣ ಇಣುಕಿದ. ಎಂಟು ವರ್ಷದಿಂದ ತಂಡದಲ್ಲಿದ್ದ ಆಟಗಾರ. ಕೈಯಲ್ಲಿ ಮಡಿಸಿದ ಕಾಗದ.

"ಸರ್, ಒಂದೇ ನಿಮಿಷ..."

"ಆಮೇಲೆ ಬಾರೋ ಮಾರಾಯ. ಇಲ್ಲಿ ತಲೆ ಕೆಟ್ಟು ಕೂತಿದೀವಿ."

ಈ ತಿಂಗಳಲ್ಲಿ ಇದು ನಾಲ್ಕನೆಯ 'ಆಮೇಲೆ'. ಗಿಡ್ಡಣ್ಣ ತಲೆಯಾಡಿಸಿ, ಬಾಗಿಲು ಮುಂದೆಳೆದುಕೊಂಡು, ಹೊರಗಿನ ಬೆಂಚಿನ ಮೇಲೆ ಕೂತ.

ತಮ್ಮ ಗೋಡೆಯ ಹಲಗೆಗೆ ಹೋದ. ಅವನ ಅಭ್ಯಾಸವೇ ಹಾಗೆ, ಏನೇ ಯೋಚನೆ ಬಂದರೂ ಐದು ಸೊನ್ನೆ ಬರೆದು ಒಳಗೆ ಹೆಸರು ತುಂಬಬೇಕು. ಎಡಗಡೆ ಕಂಬ ಇರುವ ತಂಡ, ಬಲಗಡೆ ಕಂಬ ಇಲ್ಲದ ತಂಡ. ಅಳಿಸಿದ, ಬರೆದ, ಮತ್ತೆ ಅಳಿಸಿದ. ಎರಡೂ ಕಡೆ ಮೊದಲನೆಯ ಸೊನ್ನೆ ಮಾತ್ರ ಖಾಲಿ ಉಳಿಯಿತು. ಅದು ಚೆಂಡು ತಂದುಕೊಡುವವನ ಜಾಗ. ಯಾರು ಬರಲಿ, ಯಾರು ಹೋಗಲಿ, ಅಲ್ಲಿ ಗಿಡ್ಡಣ್ಣ ಇದ್ದೇ ಇರುತ್ತಾನಲ್ಲ! ಅದಕ್ಕೆ ಯಾಕೆ ಸೀಮೆಸುಣ್ಣ ಸವೆಸುವುದು?

ಜಗಳ ಏರುತ್ತಲೇ ಹೋಯಿತು. ಅಕ್ಕ ತೀರಿಹೋದ ಅಪ್ಪನನ್ನು ನಡುವೆ ತಂದಳು. ಚಿಕ್ಕಂದಿನಲ್ಲಿ ಅವಳು ತನ್ನ ಸೈಕಲ್ ಮಾರಿಸಿದ್ದನ್ನು ತಮ್ಮ ನೆನಪಿಸಿದ. ನಾಲ್ಕೂ ಐವತ್ತಕ್ಕೆ ಫೋನು ಹೊಡೆದುಕೊಂಡಿತು. ತಮ್ಮ ಸ್ಪೀಕರ್ ಒತ್ತಿದ.

"ಕಂಬ ಬೇಡ ಸರ್ ನಮಗೆ," ಎಂದಿತು ಆ ಕಡೆಯ ದನಿ. "ಅದನ್ನೇ ತಿಳಿಸೋಣ ಅಂತ ಮಾಡಿದ್ದು."

"ಕೇಳಿಸ್ತಾ ಅಕ್ಕಾ!" ತಮ್ಮ ಕುರ್ಚಿಯಿಂದ ಎದ್ದೇಬಿಟ್ಟ.

"ಹತ್ತು ಆಟದ ವಿಡಿಯೊ ಹಾಕ್ಕೊಂಡು ನೋಡಿದ್ವಿ. ಗಿಡ್ಡಣ್ಣ ಹೊರಗೆ ಕೂತಿದ್ದಷ್ಟು ಹೊತ್ತು ನಿಮ್ಮ ಕಂಬ ಒಂದೇ ಒಂದು ಬ್ಯಾಸ್ಕೆಟ್ ಹಾಕಿಲ್ಲ. ಈಗ ಎರಡು ನಿಮಿಷದ ಕೆಳಗೆ ಗಿಡ್ಡಣ್ಣ ಫೋನಲ್ಲೇ ನಮ್ಮಲ್ಲಿಗೆ ಬರ್ತೀನಿ ಅಂತ ಒಪ್ಕೊಂಡ್ರು."

"ಅದು ಹೇಗ್ರೀ ಆಗತ್ತೆ? ನಾವು ಅವನನ್ನ ಕೊಡಲ್ಲ!"

"ನೀವು ಕೊಡೋದೇನ್ಬಂತು ಸರ್? ಅವರ ಕರಾರು ಮುಗಿದು ಹದಿನೈದು ದಿನ ಆಯ್ತಲ್ಲ."

ತಮ್ಮ ಅಕ್ಕನ ಮುಖ ನೋಡಿದ. ಅಕ್ಕ ತಮ್ಮನ ಮುಖ ನೋಡಿದಳು. ಹೊಸ ಕರಾರು ನೀನು ಮಾಡಿಸಿರುತ್ತೀ ಎಂದು ಅವನು, ನೀನು ನೆನಪಿಸುತ್ತೀ ಎಂದು ಅವಳು ನಂಬಿದ್ದರು. ತಮ್ಮ ಪೆನ್ನು ಕಿತ್ತುಕೊಂಡು ಬಾಗಿಲಿಗೆ ಓಡಿದ.

"ಗಿಡ್ಡಣ್ಣಾ! ಎಲ್ಲಿ ಆ ಕರಾರಿನ ಪೇಪರು? ತಾ, ಈಗಲೇ ಸಹಿ ಹಾಕ್ತೀನಿ."

ಗಿಡ್ಡಣ್ಣ ಬೆಂಚಿನಿಂದ ಎದ್ದ. ಅವನ ಕಾಲ ಬಳಿಯ ಕಸದ ಬುಟ್ಟಿಯಲ್ಲಿ ಕಾಗದದ ಚೂರುಗಳು ಬಿದ್ದಿದ್ದವು.

"ಬಂದಾಗ ಕೈಲೇ ಇತ್ತು ಸರ್. ನಿಮ್ಮ ಸಹಿ ಒಂದು ಬಿದ್ದಿದ್ರೆ ಅವರಿಗೆ ಇಲ್ಲ ಅಂತಿದ್ದೆ."

"ಒಂದ್ಮಾತು ಹೇಳಬಾರ್ದಿತ್ತೇನೋ?" ಅಕ್ಕನೂ ಬಾಗಿಲಿಗೆ ಬಂದಳು.

"ಅರ್ಧ ಗಂಟೆ ಇಲ್ಲೇ ಕೂತಿದ್ದೆ ಮೇಡಂ. ನೀವಾಡಿದ್ದೆಲ್ಲ ಕೇಳಿಸ್ತಾ ಇತ್ತು. ಅಷ್ಟೊಂದು ಹೆಸರು ಬಂತು, ಸೈಕಲ್ಲೂ ಬಂತು. ಒಂದ್ಸಲ ನನ್ನ ಹೆಸರೂ ಬರುತ್ತೇನೋ ಅಂತ ಕಾದೆ." ಅವನು ನಗಲು ನೋಡಿದ, ಆಗಲಿಲ್ಲ. "ಬೇಜಾರಾಯ್ತು ಸರ್. ಬರ್ತೀನಿ."

ಅವನು ಮೆಟ್ಟಿಲಿಳಿದು ಬೀದಿಯ ಕಡೆಯ ಬಾಗಿಲಿಗೆ ತಿರುಗಿದ. ಅಂಗಳದಲ್ಲಿ ಮತ್ತೆ ಸೀಟಿ ಕೇಳಿಸಿತು. ಅಕ್ಕ ತಮ್ಮ ಇಬ್ಬರೂ ಗಾಜಿನ ಬಳಿ ಬಂದು ನಿಂತರು. ಕೆಳಗೆ ಕಂಬ ಎಂದಿನ ಠೀವಿಯಲ್ಲಿ ಓಡಿದ, ಹಿಂದೆ ತಿರುಗಿ ನೋಡದೆ ಬಲಗೈ ಎತ್ತಿದ, ಎತ್ತಿದ ಕೈ ಹಾಗೇ ಹಿಡಿದು ನಿಂತ.