ವೀರಭದ್ರಪ್ಪನವರು ಒಡೆದ ಕಾಯಿ

"ಮಾವಾರ, ನಿಲ್ರಿ! ಆ ಕಾಯಿ ಒಡೀಬ್ಯಾಡ್ರಿ!"

ಚಿತ್ರಾ ಸಭಾಂಗಣದ ಬಾಗಿಲಿನಿಂದಲೇ ಕೂಗಿದಾಗ ಅವಳ ಮಾವ ವೀರಭದ್ರಪ್ಪನವರ ಕೈ ಆಗಲೇ ಮೇಲೆದ್ದಿತ್ತು. ಹಾಗೆ ಎದ್ದ ಕೈಯನ್ನು ಅರ್ಧಕ್ಕೆ ಇಳಿಸಿದವರು ಅವರಿರುವ ತಾರ್ನಾಕದಲ್ಲಿ ಇದುವರೆಗೆ ಹುಟ್ಟಿಲ್ಲ. ಹೊಸ ಕಾರಿರಲಿ, ಹೊಸ ಫ್ಲ್ಯಾಟಿರಲಿ, ಕಾಲೊನಿಯಲ್ಲಿ ಕಾಯಿ ಒಡೆಯುವವರು ಅವರೇ. ಒಂದೇ ಏಟು, ಸರಿಯಾಗಿ ಎರಡು ಹೋಳು. ಟಪ್ಪೆಂದು ಸದ್ದಾಯಿತು. ಬೇಗಂಪೇಟೆಯ ಆ ದೊಡ್ಡ ಹೋಟೆಲಿನಲ್ಲಿ ಸೇರಿದ್ದ ದೇಶವಿದೇಶದ ತೆಂಗು ವಿಜ್ಞಾನಿಗಳೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು.

ಚಿತ್ರಾ ಸೆರಗು ಸಿಕ್ಕಿಸಿಕೊಂಡು ವೇದಿಕೆಗೆ ಓಡಿದಳು. ಮೂಲೆಯಲ್ಲಿ ಸುಲಿದ ಸಿಪ್ಪೆ ಬಿದ್ದಿತ್ತು. ಅದರ ಮೇಲೆ ಅವಳೇ ಕೈಯಾರೆ ಅಂಟಿಸಿದ್ದ ಗುರುತಿನ ಹಳದಿ ಚೀಟಿ ಇನ್ನೂ ಹಾಗೇ ಇತ್ತು.

"ಏನ್ ಮಾಡಿದ್ರಿ ಮಾವಾರ! ಅದು ಪೂಜಿ ಕಾಯಿ ಅಲ್ರಿ. ಬೀಜದ ಕಾಯಿ! ಸಮುದ್ರ ದಾಟಿ ಸಮೋವಾದಿಂದ ಬಂದದ್ದು!"

"ನನಗೇನ್ ಗೊತ್ತು ಬೇ?" ಎಂದರು ವೀರಭದ್ರಪ್ಪನವರು. "ಪೂಜಿ ಮಾಡ್ಬರ್ರಿ ಅಂತ ನೀನ ಕರ್ಕೊಂಡು ಬಂದಿ. ಇಷ್ಟ್ ದೊಡ್ಡ ಹೋಟೆಲ್‌ನಾಗ ಎಳನೀರು ರಾಶಿ ಬಿದ್ದೈತಿ, ತೆಂಗಿನ ಹಾಲಿನ ಡಬ್ಬಿ ಐತಿ, ಜುಟ್ಟಿರೋ ಕಾಯಿ ಒಂದ ಇಲ್ಲ! ತೆಂಗಿನ ಸಮ್ಮೇಳನದಾಗ ಕಾಯಿ ಇಲ್ದ ಪೂಜಿ ಮಾಡಿದ್ರ ನಗೂದಿಲ್ಲೇನು ಮಂದಿ? ಇಲ್ಲೇ ಬುಟ್ಟ್ಯಾಗ ಕಂಡ್ವು. ಎಳನೀರಿನವನ ಕಡೆ ಮಚ್ಚು ಇಸ್ಕೊಂಡು ಒಂದು ಸುಲ್ದೆ. ಜುಟ್ಟು ಎಷ್ಟ್ ಚಂದ ಬಿಟ್ಟೀನಿ ನೋಡು."

ಜುಟ್ಟು ನೋಡುವ ಸ್ಥಿತಿಯಲ್ಲಿ ಚಿತ್ರಾ ಇರಲಿಲ್ಲ. ರೋಗಕ್ಕೆ ಬಗ್ಗದ ಗಿಡ್ಡ ತಳಿಯ ಕಾಯಿಗಳು ಅವು. ಸಮೋವಾ ನಮಗೆ ಆ ತಳಿ ಕೊಡುವುದು, ನಾವು ಅವರಿಗೆ ತಿಪಟೂರಿನ ತಳಿ ಕೊಡುವುದು ಎಂದು ಇವತ್ತು ಒಪ್ಪಂದಕ್ಕೆ ಸಹಿ ಬೀಳಬೇಕಿತ್ತು. ಆದರೆ ಮೊದಲೇ ಬಂದ ಈ ಕಾಯಿಗಳು ರೋಗ ತಪಾಸಣೆಯಲ್ಲೇ ತಿಂಗಳುಗಟ್ಟಲೆ ಬಿದ್ದಿದ್ದವು. ಆಮೇಲೆ ಅವಳು ತನ್ನ ಸಂಶೋಧನಾ ಕೇಂದ್ರದ ನರ್ಸರಿಯಲ್ಲಿಟ್ಟು ಎಷ್ಟು ನೀರುಣಿಸಿದರೂ ಒಂದೂ ಮೊಳಕೆ ತೋರಿಸಲಿಲ್ಲ. ಎಲ್ಲ ಸತ್ತೇ ಹೋಗಿದ್ದರೆ? ಇನ್ನೊಮ್ಮೆ ಕೇಳೋಣವೆಂದರೆ ಆ ದ್ವೀಪದಲ್ಲೂ ಅಂಥ ಮರಗಳು ಹೆಚ್ಚು ಉಳಿದಿರಲಿಲ್ಲ. ಒಂದನ್ನು ಒಡೆದು ನೋಡಿದ್ದರೆ ತಿಳಿಯುತ್ತಿತ್ತು, ನಿಜ. ಅಷ್ಟು ದೂರದಿಂದ ಬಂದ ಕಾಯಿ ಒಡೆಯಲು ಅವಳಿಗೆ ಕೈ ಬಂದಿರಲಿಲ್ಲ. ಸಭೆಯ ಎದುರು ಕುಂಡದಲ್ಲಿ ನೆಡಲೆಂದು ಕೆಲವನ್ನು ಬುಟ್ಟಿಯಲ್ಲಿ ತಂದಿಟ್ಟು, ಒಳಗೊಳಗೇ ದೇವರಿಗೆ ಹರಕೆ ಹೊತ್ತಿದ್ದಳು.

ಅಷ್ಟರಲ್ಲಿ ಆ ಕಾಯಿಗಳನ್ನು ಕಳಿಸಿಕೊಟ್ಟ ಲೂಪೆಯೇ ವೇದಿಕೆ ಹತ್ತಿ ಬಂದರು. ಸಮೋವಾದ ಹಿರಿಯ ವಿಜ್ಞಾನಿ, ಕಿವಿಯಲ್ಲಿ ಕೆಂಪು ಹೂ ಮುಡಿದ ಎತ್ತರದ ಹೆಂಗಸು. ಚಿತ್ರಾ ಸಿಪ್ಪೆಗೆ ಅಡ್ಡವಾಗಿ ನಿಂತಳು.

ಇತ್ತ ವೀರಭದ್ರಪ್ಪನವರ ಮುಖ ಇಳಿದಿತ್ತು. "ನೀರ ಬೀಳಲಿಲ್ಲಲ್ಲ ಬೇ. ಎಲ್ಲಾ ಬಿಟ್ಟು ಕೆಟ್ಟ ಕಾಯಿ ಒಡ್ದೆ ಅಂತ ಕಾಣ್ತೈತಿ" ಎನ್ನುತ್ತ ಬಗ್ಗಿ ಒಂದು ಹೋಳು ಎತ್ತಿದರು. ಮರುಕ್ಷಣ ಅವರು ಕೂಗಿದ್ದು ಹೋಟೆಲಿನ ಅಡುಗೆಮನೆಯವರೆಗೂ ಕೇಳಿಸಿತು.

"ಹೂವು! ಚಿತ್ರವ್ವಾ, ಕಾಯಾಗ ಹೂವು ಬಂದೈತಿ!"

ಹೋಳಿನೊಳಗೆ ತಿಳಿ ಹಳದಿಯ ಮೆತ್ತನೆಯ ಉಂಡೆ ಕೂತಿತ್ತು. ಪೂಜೆಯ ಕಾಯಿಯಲ್ಲಿ ಅದು ಸಿಕ್ಕರೆ ಮನೆಗೆ ಶುಭವೆಂದು ನಂಬದವರು ಈ ಕಡೆ ಯಾರಿದ್ದಾರೆ? "ಪುವ್ವು ವಚ್ಚಿಂದಿ, ಪುವ್ವು ವಚ್ಚಿಂದಿ" ಎನ್ನುತ್ತ ಹೋಟೆಲಿನ ತೆಲುಗು ಹುಡುಗಿಯರು ಟ್ರೇ ಹಿಡಿದುಕೊಂಡೇ ಓಡಿ ಬಂದರು.

ಕಾಯಿ ಮೊಳೆಯತೊಡಗಿದರಷ್ಟೇ ಒಳಗೆ ಹೂವು ಕಟ್ಟುವುದೆಂದು ಗೊತ್ತಿದ್ದ ಚಿತ್ರಾ ಮಾವನ ಕೈಯಿಂದ ಆ ಹೋಳನ್ನು ಕಸಿದುಕೊಂಡಳು. ಬೆರಳಿನಿಂದ ಜುಟ್ಟು ಸರಿಸಿದಳು. ಮಾವ ಅಷ್ಟು ಚಂದವಾಗಿ ಬಿಟ್ಟಿದ್ದ ಜುಟ್ಟಿನ ಮರೆಯಲ್ಲಿ, ಕಾಯಿಯ ಕಣ್ಣಿನಿಂದ, ಮಲ್ಲಿಗೆ ಮೊಗ್ಗಿನಷ್ಟು ಬೆಳ್ಳಗಿನ ಮೊಳಕೆ ಇಣುಕುತ್ತಿತ್ತು. ಇಷ್ಟು ದಿನ ಅದು ಸಿಪ್ಪೆಯೊಳಗೇ ಬೆಳೆಯುತ್ತಿತ್ತು. ಇದು ಬದುಕಿದ್ದರೆ ಇದರ ಜೊತೆಯವೂ ಬದುಕಿರಬೇಕು.

"ಜೀವ ಐತ್ರಿ ಮಾವಾರ! ಇದಕ್ಕ ಜೀವ ಐತಿ!" ಎಂದವಳೇ ಸಭೆಯ ಎದುರೇ ಅತ್ತುಬಿಟ್ಟಳು. ಆಮೇಲೆ ಲೂಪೆಯ ಕಡೆ ತಿರುಗಿ, ನಡೆದದ್ದನ್ನೆಲ್ಲ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

ಲೂಪೆ ಹೋಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಸತ್ತಿದ್ದರೆ ನಿನಗೆ ಏನು ಹೇಳುವುದು ಎಂದು ವಿಮಾನದಲ್ಲಿ ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಒಡೆದು ನೋಡು ಎಂದು ಬರೆಯಲು ನನಗೂ ಧೈರ್ಯ ಬರಲಿಲ್ಲ" ಎಂದರು. ಆಮೇಲೆ ಉಂಡೆಯನ್ನು ಕೈಯಲ್ಲೇ ಮುರಿದು ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಚಿಕ್ಕವರಿದ್ದಾಗ ಇದಕ್ಕೇ ನಾವು ಅಕ್ಕತಂಗಿಯರು ಹೊಡೆದಾಡುತ್ತಿದ್ದೆವು."

ಚಿತ್ರಾ ಅದನ್ನು ಕನ್ನಡದಲ್ಲಿ ಹೇಳಿದಾಗ ವೀರಭದ್ರಪ್ಪನವರು ತಮ್ಮ ಪಾಲಿನ ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. "ನಮ್ಮನ್ಯಾಗೂ ಅಷ್ಟ ಇತ್ತು ಅಂತ ಹೇಳವ್ವ ಆ ತಾಯಿಗೆ. ಭಾಳ ಸವಿ ಐತಿ."

ನಗು, ಚಪ್ಪಾಳೆಗಳ ನಡುವೆ ಒಪ್ಪಂದಕ್ಕೆ ಸಹಿ ಬಿತ್ತು. ಮಣ್ಣು ತುಂಬಿದ ಕುಂಡ ವೇದಿಕೆಗೆ ಬಂತು. ಲೂಪೆ ಮತ್ತು ಚಿತ್ರಾ ನೆಡುವುದಕ್ಕೆಂದು ಅದರ ಎರಡು ಕಡೆ ಕೂತರು.

"ಸ್ವಲ್ಪ ತಡೀರಿ" ಎಂದು ವೀರಭದ್ರಪ್ಪನವರು ಅಂಗಿಯ ತೋಳು ಮೇಲೇರಿಸಿದರು. "ಗಿಡಾ ಹಚ್ಚೂಕಿಂತ ಮೊದ್ಲ ಮಣ್ಣಿಗೆ ಪೂಜಿ ಆಗ್ಬೇಕು. ಅದಕ್ಕೊಂದು ಕಾಯಿ..."

ಚಿತ್ರಾ ಬಾಯಿ ತೆರೆಯುವಷ್ಟರಲ್ಲಿ, ಕನ್ನಡದ ಒಂದಕ್ಷರವೂ ಬಾರದ ಲೂಪೆ ಬುಟ್ಟಿಯನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡಾಗಿತ್ತು.